ಕೂಲಿಂಗ್ ಗ್ಲಾಸು

ಶುವೈಖಿನ ಗ್ಯಾರೇಜು ಸಾಲಿನಲ್ಲಿ ಹದಿನೆಂಟು ವರ್ಷ
ಪರರ ಕಾರುಗಳ ಗಾಜಿಗೆ ಕತ್ತಲೆ ಅಂಟಿಸಿದವನು ನಾನು.
ಸೋಪುನೀರು ಚಿಮುಕಿಸಿ, ಕಪ್ಪು ಹಾಳೆ ಹಾಸಿ,
ರಬ್ಬರು ಪಟ್ಟಿಯಲ್ಲಿ ಗುಳ್ಳೆಗಳನ್ನು ಅಂಚಿಗೆ ಅಟ್ಟಿ,
ಎಷ್ಟು ಪಾಲು ಬಿಸಿಲು ಒಳಗೆ, ಎಷ್ಟು ಹೊರಗೆ
ಬೆರಳಿಟ್ಟರೆ ಸಾಕು, ಹೇಳುತ್ತಿದ್ದೆ.

ಈಗ ಆ ಬೆರಳು ಮಡಚುವುದಿಲ್ಲ.

ಮಜ್ಜೆ ಕೆಟ್ಟಿತ್ತು. ಉಪ್ಪಿನಂಗಡಿಯಿಂದ ಅಕ್ಕ ಜೈನಾಬಿ
ಜೀವಮಾನದಲ್ಲಿ ಮೊದಲ ಸಲ ವಿಮಾನ ಹತ್ತಿದಳು.
ಉಪ್ಪಿನಕಾಯಿ ಡಬ್ಬವನ್ನು ಕಸ್ಟಮ್ಸಿನವರಿಗೆ ಬಿಟ್ಟು
ಮೂಳೆಯೊಳಗಿನದನ್ನಷ್ಟೇ ದಾಟಿಸಿದಳು.
ಟೊಮೆಟೊ ಸಾರಿನ ಬಣ್ಣದ ಒಂದು ಚೀಲ
ಹನಿಹನಿ ನನ್ನೊಳಗಿಳಿಯಿತು.
ಲೈಸೆನ್ಸಿನಲ್ಲಿ ಇವತ್ತಿಗೂ ನಾನು ಬಿ ಪಾಸಿಟಿವ್;
ಹರಿಯುತ್ತಿರುವುದು ಅವಳ ಓ.

ಆರು ತಿಂಗಳಿಗೆ
ಅವಳ ಬಿಳಿಕಣಗಳು ಚರ್ಮದ ಬಾಗಿಲು ಬಾಗಿಲು ತಟ್ಟಿದವು.
ಯಾರು ನೀನು? ಇಖಾಮಾ ತೋರಿಸು.
ನಲವತ್ತೊಂದು ವರ್ಷ ಅಲ್ಲೇ ಇದ್ದ ತೊಗಲು
ಏನು ತೋರಿಸೀತು?
ಬಿಸಿಗೆ ಹಿಡಿದ ದಫ್ಫಿನ ಹಾಗೆ ಬಿಗಿಯಿತು,
ಮೊಣಕೈಯಿಂದ ಉಗುರಿನ ತನಕ.

ಮಗುವನ್ನು ಚಿವುಟಿ ತೊಟ್ಟಿಲು ತೂಗುವವಳು ಅಂತ
ಉಮ್ಮ ಅಕ್ಕನನ್ನು ಬಯ್ಯುತ್ತಿದ್ದಳು.
ತೊಟ್ಟಿಲಲ್ಲಿದ್ದವನು ನಾನೇ.

ಹದಿನೈದು ದಿನಕ್ಕೊಮ್ಮೆ ಎರಡು ದಿನ, ಆಸ್ಪತ್ರೆಯ ಮೂರನೇ ಮಹಡಿ.
ಒಂದು ಯಂತ್ರ ನನ್ನ ನೆತ್ತರನ್ನು ಹೀರಿ ಗಿರಗಿರನೆ ತಿರುಗಿಸಿ
ಕೆಂಪನ್ನು ಕೆಂಪಾಗಿಯೇ ವಾಪಸು ಕಳಿಸುತ್ತದೆ.
ಬಿಳಿಯದನ್ನು ಹಿಡಿದಿಟ್ಟುಕೊಳ್ಳುತ್ತದೆ, ಗಂಜಿತಿಳಿಯಂಥ ಮಬ್ಬು.
ಅದಕ್ಕೊಂದಿಷ್ಟು ಮದ್ದು, ಬೆಳಕು ತಾಗಿದರೆ ಕೆರಳುವಂಥದ್ದು.
ಆಮೇಲೆ ತೆಳ್ಳನೆಯ ತಟ್ಟೆ, ಇಕ್ಕೆಲದಲ್ಲೂ ದೀಪ,
ನೇರಳೆಯ ಆಚೆಯದು, ಕಣ್ಣಿಗೆ ಸಿಗದ್ದು.
ಹದಿನೆಂಟು ವರ್ಷ ಹಾಳೆ ಅಂಟಿಸಿ ಅಂಟಿಸಿ
ಯಾವುದನ್ನು ತಡೆದೆನೋ ಅದೇ.

ಕಿಟಕಿಯಾಚೆ ಜುಲೈ. ಪಾರಿವಾಳಗಳೂ
ಎ.ಸಿ. ಡಬ್ಬಗಳ ನೆರಳಿಗೆ ಒತ್ತಿಕೊಂಡಿವೆ.
ಊರಿಗೆಲ್ಲ ಹಂಚಿ ಮಿಕ್ಕಷ್ಟು ಬಿಸಿಲು;
ನನ್ನ ಪಾಲಿನದು ಮಾತ್ರ ಈ ಪೆಟ್ಟಿಗೆಯಲ್ಲಿ
ನಿಮಿಷ ಎಣಿಸಿ.

ಬೆಳಕು ತಿಂದ ಕಣಗಳು ಒಳಕ್ಕೆ ಮರಳಿ
ಮೆಲ್ಲಗೆ ಸಾಯುತ್ತವಂತೆ.
ಅವುಗಳನ್ನು ಹೂಳುತ್ತ ಹೂಳುತ್ತ ಉಳಿದವು ಮೆತ್ತಗಾಗುತ್ತವಂತೆ,
ಮಯ್ಯತ್ತು ಹೊತ್ತು ಬಂದ ಜಗಳಗಂಟರ ಹಾಗೆ.
ಡಾಕ್ಟರಿಗೂ ಪೂರ್ತಿ ಗೊತ್ತಿಲ್ಲ. ‘ಅಂತೆ’ ಎಂದೇ ಹೇಳಿದರು.

ಮುಗಿದ ಮೇಲೆ ನರ್ಸ್ ಹಾಜರ್ ಕಪ್ಪು ಕನ್ನಡಕ ತೊಡಿಸಿ
‘ನಾಳೆ ಇದೇ ಹೊತ್ತಿನ ತನಕ ಶಮ್ಸ್ ಮಾಫಿ’ ಎನ್ನುತ್ತಾಳೆ.
ಗಾಜಿನ ಹಿಂದೆ ಕೂತರೂ ಆಗದು.

ಫರ್ವಾನಿಯಾದ ಕೋಣೆಯಲ್ಲಿ ಕೂಲಿಂಗ್ ಗ್ಲಾಸು ಹಾಕಿಯೇ
ಅನ್ನ ಕಲಸುತ್ತೇನೆ, ನಮಾಜು ಮಾಡುತ್ತೇನೆ.
ಏನು ಹೀರೋ, ಎಂದು ನಗುತ್ತಿದ್ದ ತೇಜ್
ಒಂದು ಶುಕ್ರವಾರ ಅಂಗಡಿಯ ಚೂರುಪಾರು ಹಾಳೆ ತಂದು
ನನ್ನ ಕಿಟಕಿಗೆ ಹಚ್ಚಿದ.
ಒಂದೊಂದು ಚೂರು ಒಂದೊಂದು ಗಾಢ, ಕೌದಿಯ ಥರ.
ಎಡಮೂಲೆಯಲ್ಲಿ ಗುಳ್ಳೆ ಬಿಟ್ಟಿದ್ದಾನೆ, ಕತ್ತೆ.
ಹೇಳಿಕೊಟ್ಟವನು ನಾನೇ.
ಎದ್ದು ತಿದ್ದೋಣವೆಂದರೆ ಪಟ್ಟಿ ಕೈಯಲ್ಲಿ ನಿಲ್ಲಲಿಲ್ಲ.

ರಾತ್ರಿ ಅಕ್ಕನ ಫೋನು:
‘ಇನ್ನೂ ಜಗಳ ಆಡ್ತಾ ಉಂಟಾ, ನನ್ನದು?’
ಉಂಟು.
‘ಎರಡು ಬಾರಿಸು ಅದಕ್ಕೆ.’
ಬಾರಿಸ್ತಾ ಇದ್ದೇವೆ, ಬೆಳಕಿನಲ್ಲಿ.
ಅವಳು ಸುಮ್ಮನಾದಳು. ಆಮೇಲೆ ಕೋಳಿಯ ರೇಟು ಹೇಳಿದಳು.

ಇವತ್ತು ಹನ್ನೊಂದನೇ ಸರದಿ.
ಸೂಜಿ ತೆಗೆದು, ಕನ್ನಡಕ ತೊಡಿಸಿ, ಎಂದಿನಂತೆ
ಹಾಜರ್ ನನ್ನ ಮುಂಗೈಯನ್ನು ಎರಡು ಬೆರಳಲ್ಲಿ ಹಿಡಿಯಲು ನೋಡಿದಳು.
ಇಷ್ಟು ದಿನ ಗಾಜಿನ ಮೇಲೆ ಜಾರಿದಂತೆ ಜಾರುತ್ತಿತ್ತು.
ಸಿಕ್ಕಿತು.
ಗೋಧಿಕಾಳಿನಷ್ಟು ಚರ್ಮ
ಮೂಳೆ ಬಿಟ್ಟು ಎದ್ದು ನಿಂತಿತು.
ನೋವಾಯಿತಾ, ಎಂದಳು.
ಕಪ್ಪು ಗಾಜಿನ ಹಿಂದೆ ಏನಾಯಿತೆಂದು ಅವಳಿಗೆ ಕಾಣುವುದಿಲ್ಲ.

ಇನ್ನೊಮ್ಮೆ ಚಿವುಟು, ಎಂದೆ.