ಮುಟ್ಟಿದ ಗುರುತು

ಸಂಖದ ಬಸ್‌ಸ್ಟ್ಯಾಂಡ್ ಎದುರು ನನ್ನ ಝೆರಾಕ್ಸ್ ಅಂಗಡಿ.
ಮಷಿನ್ ಹಳೇದು, ಎರಡಽ ಜಿಬಿ ನೆನಪು,
ಲಿನಕ್ಸ್ ಹಾಕೀನಿ, ಅದಕ್ಕ ಇನ್ನೂ ಉಸರಾಡ್ತೈತಿ.

ಅದರೊಳಗ ಒಬ್ಬ ಆಳು ಇರ್ತಾನ, ಹಗಲೂ ನಿದ್ದಿ.
ಖಾಲಿ ಜಾಗ ಗೆರಿಗಿಂತ ಕೆಳಗ ಇಳೀತಂದ್ರ
ಎದ್ದು ಬರ್ತಾನ, ಒಂದೊಂದಽ ಪುಟ ತಡವತಾನ.
ಮುಟ್ಟಿದ ಗುರುತು ಇದ್ರ ಅಳಿಸಿ, ಇನ್ನೊಂದು ಸುತ್ತು ಬಿಡ್ತಾನ.
ಆ ಸುತ್ತಿಗೂ ಯಾರೂ ಕೇಳಲಿಲ್ಲಂದ್ರ
ನಡಿ, ಹೊರಗ.

ಡಿಸ್ಕಿನ್ಯಾಗ ಪ್ರತಿ ಇದ್ದ ಪುಟಕ್ಕ ಅಂವ ಹಿಂದಮುಂದ ನೋಡಂಗಿಲ್ಲ,
ಬೇಕಾದ್ರ ಮತ್ತ ಓದಿಕೊಂಡ್ರಾತು.
ತಿದ್ದಿದ್ದು ಇದ್ರ ಮೊದಲ ಬರದಿಟ್ಟು ಆಮ್ಯಾಲ ಬಿಡ್ತಾನ.
ಹಿಂದ ಯಾವ ಕಡತಾನೂ ಇಲ್ಲದ ಪುಟ ಇರ್ತಾವ,
ಬಾಯಿಂದ ಹೇಳಿದ್ದು, ಇನ್ನೂ ಎಲ್ಲೂ ಇಳಿಸಿಲ್ಲದ್ದು.
ಅವನ್ನ ಸ್ವಾಪಿನ ಹಗೇವಿಗೆ ತುಂಬಿಡಬೇಕು.
ನಾ ಹಗೇವು ತೆಗಿಸಿಲ್ಲ. ಜಾಗ ಎಲ್ಲೈತಿ?

ನಿನ್ನಿ ತಾಯವ್ವ ಬಂದಿದ್ಲು, ವಾರಸಾ ಅರ್ಜಿಗೆ.
ಬಾಜೂಕ ಹಿರೀ ಮಗ ಮಾಯಪ್ಪ, ಕೈಯಾಗ ಸಾತ್‌ಬಾರಾ.
ಆಕಿ ಕನ್ನಡದಾಗ ಹೇಳ್ತಾಳ, ನಾ ಮರಾಠಿ ಒಳಗ ಬಡೀತೀನಿ:
ಗಂಡ ತೀರಿದ ತಾರೀಖು, ಗಟ್ ನಂಬರು,
ಮಕ್ಕಳು ಇಬ್ಬರು, ಮಾಯಪ್ಪ, ಬೀರಪ್ಪ. ಅಷ್ಟಽ.
ಅಷ್ಟಽ ಅಂದಾಂವ ಮಾಯಪ್ಪ.

ವಿಮಾದ್ದು ಕಡೀ ದಿನ, ಇಪ್ಪತ್ತು ಫಾರ್ಮ್ ತೆರದಿದ್ವು.
ಆಳು ಎದ್ದ. ಓಡ್ಯಾಡಿದ.
ಈಗ ಹೊರಗ ಹಾಕಿದ್ದನ್ನಽ ಈಗ ಒಳಗ ತಂದು,
ಮತ್ತ ಹೊರಗ, ಮತ್ತ ಒಳಗ,
ಪರದೆ ಮ್ಯಾಲಿನ ಬಾಣ ಎರಿಮಣ್ಣಾಗ ಸಿಕ್ಕ ಎತ್ತಾತು.
ಕಡೀಕ ಕರ್ನಲ್ಲು ತಾನಽ ಲೆಕ್ಕಾ ಹಾಕ್ತು:
ಯಾರು ಬಾಳ ತಿಂದಾರ?
ಬ್ರೌಸರ್.
ಒಂದಽ ಏಟು. ಇಪ್ಪತ್ತೂ ಹೋದ್ವು, ತಾಯವ್ವನ ಅರ್ಜಿ ಸುದ್ದಾ.

ಚಾ ಕುಡದು ಬರ್ತೀನಿ ಅಂತ ಮಾಯಪ್ಪ ಎದ್ದ.
ಮೊದಲಿಂದ ಹೇಳಬೇಕಾತಬೇ, ಅಂದೆ.
ಹೇಳಿದ್ಲು. ತಾರೀಖು ಅದಽ. ಗಟ್ ನಂಬರು ಅದಽ.
ಮಾಯಪ್ಪ. ಬೀರಪ್ಪ.
ಆಮ್ಯಾಲ ಬಾಗಲ ಕಡೆ ನೋಡಿ, ದನಿ ಇಳಿಸಿ,
ಸೋನವ್ವ.
ಮಿರಜದಾಗ ಇರ್ತಾಳ, ತನಗ ಬೇಕಾದಾಂವನ ಕೈ ಹಿಡದು ಹೋದಾಕಿ,
ಹನ್ನೊಂದು ವರ್ಷ ಮನ್ಯಾಗ ಆ ಹೆಸರು ಯಾರೂ ಮುಟ್ಟಿಲ್ಲ.

ಬಡದೆ. ಬೆರಳು ಎತ್ತೂಕಿಂತ ಮೊದಲ ಸೇವ್ ಒತ್ತಿದೆ.
ಹೊರಗ ಕಪ್ಪು-ಬಸಿ ಸಪ್ಪಳ.
ತಾಯವ್ವ ಇನ್ನೂ ಹೇಳ್ತಾನಽ ಇದ್ಲು,
ಅಮಾಸಿ ದಿನ ಹುಟ್ಟಿದ್ದು, ಎಡಗಿವಿ ಹಿಂದ ಮಚ್ಚಿ,
ಜ್ವಾಳದ ನುಚ್ಚು ಅಂದ್ರ ಜೀವಾ.
ಫಾರ್ಮಿನ್ಯಾಗ ಅದಕ್ಕ ಖಾನೆ ಇಲ್ಲ.
ನಾ ಕೀಲಿಮಣಿ ಮ್ಯಾಲಿಂದ ಕೈ ತೆಗದು
ಕೇಳಕೋತ ಕುಂತೆ.