ಅರವತ್ತೊಂದು ದಿನದ ಮೋಡ

ಮೇ ಮೂವತ್ತೊಂದರ ಸಂಜೆ ಬೈತಖೋಲದ ದಕ್ಕೆಗೆ
ಕೊನೆಯ ಟ್ರಾಲರ್ ಬಂದು ಹಗ್ಗ ಕಟ್ಟಿದ ಮೇಲೆ
ಐಸ್ ಫ್ಯಾಕ್ಟರಿಯ ಮಾಳಿಗೆಯಲ್ಲಿ ಕೂತು
ನಾನು ಮೋಡದ ಖಾತೆ ಮುಚ್ಚಿದೆ.

ಮೋಡಕ್ಕೂ ಬಾಡಿಗೆಯೇ, ಎಂದು ನಕ್ಕಿದ್ದಳು
ಶೆಟ್ಲಿ ಸುಲಿಯುವ ರುಕ್ಮಾಬಾಯಿ.
ಕಾರವಾರದಲ್ಲಿ ಮೋಡ ಕೊಂಡುಕೊಂಡವಳು ನೀನೊಬ್ಬಳೇ ಮಾರಾಯ್ತಿ,
ನಾಳೆ ನಾಡಿದ್ದು ಪುಕ್ಕಟೆ ಬರ್ತದಲ್ಲ, ಅಂಜುದೀವಿನ ಮೇಲಿಂದ!
ನಗಲಿ. ತಿಂಗಳಿಗೆ ಸಾವಿರದ ನಾನೂರ ಹನ್ನೆರಡು.
ಬೆಳಗಿನ ನಾಲ್ಕಕ್ಕೆ ಎಂಬತ್ತಮೂರು ಫೋನುಗಳಿಗೆ
ಬಂಗಡೆ ಎಷ್ಟು, ನೊಗಲಿ ಎಷ್ಟು,
ಗಾಳಿ ಯಾವ ಕಡೆಯದು, ಬರ್ಫ ಎಷ್ಟು ಉಳಿದಿದೆ,
ಇಷ್ಟು ಹೇಳಲು ಎಲ್ಲೋ ಒಂದು ಯಂತ್ರ
ರೆಪ್ಪೆ ಮುಚ್ಚದೆ ಕೂರಬೇಕು. ಅದರ ಕೂಲಿ ಅದು.
ದೋಣಿ ದಡದಲ್ಲಿದ್ದರೂ ಮೀಟರು ಓಡುತ್ತದೆ.
ಕಡಲಿಗೇ ಬೀಗ ಬಿದ್ದ ಎರಡು ತಿಂಗಳು
ಯಾರಿಗಾಗಿ ಎಚ್ಚರ ಕೂರಿಸಲಿ?

ಯಾಕೆ ಮುಚ್ಚುತ್ತೀರಿ, ಪಟ್ಟಿಯಿಂದ ಕಾರಣ ಆರಿಸಿ, ಎಂದಿತು ಪರದೆ.
ದುಬಾರಿಯಾಯಿತು. ಬೇರೆ ಕಂಪನಿ ಸಿಕ್ಕಿತು. ಕಲಿಯಲಷ್ಟೇ ತೆರೆದಿದ್ದೆ.
ಮೀನು ಮೊಟ್ಟೆಯಿಡುವ ಕಾಲ ಎಂಬುದು ಪಟ್ಟಿಯಲ್ಲಿರಲಿಲ್ಲ.
ಉಮಾಕಾಂತ ಲೈಟ್ ಫಿಶಿಂಗಿನವರ ಜೊತೆ ಸೇರಿಕೊಂಡ
ಎಂಬುದೂ ಇರಲಿಲ್ಲ.
'ಇತರೆ' ಒತ್ತಿದೆ.
ಖಚಿತವೇ? ಎಂದಿತು. ಮತ್ತೆ, ಖಚಿತವೇ?
ನಾವು ಒಬ್ಬರನ್ನೊಬ್ಬರು ಒಂದು ಸಲವೂ ಕೇಳಿರಲಿಲ್ಲ.

ಶುರುಮಾಡಿದ್ದು ಇಬ್ಬರೂ. ಕೋಡು ಬರೆದದ್ದು ನಾನು,
ದೋಣಿಯಿಂದ ದೋಣಿಗೆ ಹಾರಿ ನಂಬರು ತಂದದ್ದು ಅವನು.
ನಡುರಾತ್ರಿ ನಡುಗಡಲಲ್ಲಿ ಹಗಲು ಹಚ್ಚಿ
ಮರಿಮೀನನ್ನೂ ಬಿಡದೆ ಬಳಿಯುವ ದೋಣಿಯಲ್ಲಿ
ಅವನು ಪಾಲು ಹಾಕಿದ ದಿನ
ಲೆಕ್ಕ ಚುಕ್ತಾ ಎಂದೆ. ಚುಕ್ತಾ ಎಂದ.
ಆಗಿರಲಿಲ್ಲ. ಜೂನ್ ಮೂರಕ್ಕೆ ಬಂತು ಕೊನೆಯ ಬಿಲ್ಲು,
ಹನ್ನೊಂದು ರೂಪಾಯಿ ನಲವತ್ತು ಪೈಸೆ.
ಮುಚ್ಚಿದ ಖಾತೆಯೂ ಮಿಡುಕುತ್ತದೆ,
ಹಲಗೆಯ ಮೇಲೆ ತಲೆ ಹೋದ ಮೀನಿನ ಬಾಲದ ಹಾಗೆ.

ಜುಲೈ ಇಪ್ಪತ್ತೊಂಬತ್ತು. ಬಲೆಗೆ ಹೊಸ ಸೀಸ, ಇಂಜಿನ್ನಿಗೆ ಎಣ್ಣೆ,
ರುಕ್ಮಾಬಾಯಿಯ ಕತ್ತಿಗೆ ಸಾಣೆ.
'ಮತ್ತೆ ತೆರೆಯಿರಿ' ಎಂಬ ನೀಲಿ ಗುಂಡಿ ಒತ್ತಿದೆ.
ಹಳೆಯ ಕಾರ್ಡಿನ ಅವಧಿ ಮುಗಿದಿತ್ತು, ಸೊಸೈಟಿಯ ಹೊಸದು ಕೊಟ್ಟೆ.
ಪರೀಕ್ಷೆಗೆಂದು ಎರಡು ರೂಪಾಯಿ ಹಿಡಿದುಕೊಂಡು
ವಾಪಸ್ ಕೊಡುತ್ತೇವೆ ಎಂದಿತು.
ಆಮೇಲೆ ಆರು ಅಂಕೆ ಕೇಳಿತು:
ನಾಲ್ಕು ಏಳರಲ್ಲಿ ಮುಗಿಯುವ ನಂಬರಿಗೆ ಕಳಿಸಿದ್ದೇವೆ.

ನಾಲ್ಕು ಏಳು ಅವನದು.

ಹತ್ತು ನಿಮಿಷದ ಅವಧಿ. ಕೊಡೆ ಬಿಟ್ಟು ಓಡಿದೆ.
ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿ ಹೊಲಿಯುತ್ತಿದ್ದ,
ತಾಡಪಾಲಿನ ಕೆಳಗೆ. ನಾನು ಏನೂ ಹೇಳುವ ಮೊದಲೇ
ಜೇಬಿನಿಂದ ಪ್ಲಾಸ್ಟಿಕ್ ಕೊಟ್ಟೆಯೊಳಗಿನ ಫೋನು ತೆಗೆದು,
ಹಲ್ಲಲ್ಲಿ ಕಚ್ಚಿದ ನೂಲು ಬಿಡದೆ,
ನೀರಿನ ಆಳ ಕೂಗುವ ಧ್ವನಿಯಲ್ಲಿ ಹೇಳಿದ:
ತೀನ್. ಶೂನ್ಯ. ನೋವ್. ನೋವ್. ಏಕ್.
ಐದು ಹೇಳಿ ನಿಂತ.
ದಕ್ಕೆಯ ಕಂಬಕ್ಕೆ ನೀರು ಎರಡು ಸಲ ಬಡಿಯಿತು.
ಸಾತ್.

ಖಾತೆ ತೆರೆಯಿತು. ಒಳಗೆ ಕಟ್ಟಿದ್ದೆಲ್ಲ ಬಿಚ್ಚಿಹೋಗಿತ್ತು.
ತೆರೆದ ಮಾತ್ರಕ್ಕೆ ಯಾವುದೂ ತಾನಾಗಿ ಬಂದು ಸೇರುವುದಿಲ್ಲ ಅಲ್ಲಿ.
ದರದ್ದು, ಗಾಳಿಯದು, ಬರ್ಫದ್ದು,
ಒಂದೊಂದಕ್ಕೂ ಹಗ್ಗ ಎಸೆದು ಹೊಸದಾಗಿ ಬಿಗಿದೆ.
ಕಾಳಿಯ ಅಳಿವೆಯಲ್ಲಿ ಅವನು ಕೋಲು ಹಾಕಿ ಅಳೆದ
ಮರಳದಿಬ್ಬದ ನಕ್ಷೆ ಮಾತ್ರ ಅಳಿಸಿಹೋಗಿದೆ.
ಇದ್ದರೂ ಕೆಲಸಕ್ಕೆ ಬರುತ್ತಿರಲಿಲ್ಲ ಬಿಡಿ,
ಮಳೆಗಾಲ ಕಳೆದ ದಿಬ್ಬ ಹಳೆಯ ಜಾಗದಲ್ಲಿರುವುದಿಲ್ಲ.

ಖಾತೆಯ ನಂಬರು ಬದಲಿಸುವಿರಾ, ಎಂದು ಕೇಳಿತು.
'ಆಮೇಲೆ ನೋಡೋಣ' ಎಂಬುದಿತ್ತು, ಅದನ್ನೇ ಒತ್ತಿದೆ.

ಆಗಸ್ಟ್ ಒಂದು, ಬೆಳಗಿನ ನಾಲ್ಕು.
ನೊಗಲಿ: ದರ ಇನ್ನೂ ಇಲ್ಲ. ಗಾಳಿ: ನೈಋತ್ಯ, ಜೋರು. ಬರ್ಫ: ಇದೆ.
ಎಂಬತ್ತಮೂರು ಫೋನುಗಳಿಗೂ ಹೋಯಿತು.

ಆ ಎರಡು ರೂಪಾಯಿ ಇನ್ನೂ ವಾಪಸ್ ಬಂದಿಲ್ಲ.