ಏಳನೇ ತಾರೀಖು

ಉದ್ಯಮಬಾಗಿನ ನಮ್ಮ ಫೌಂಡ್ರಿಯೊಳಗ
ಕ್ಯಾಲೆಂಡರಿಗೆ ಎರಡೇ ದಿನ:
ಕಬ್ಬಿಣ ಕರಗೋ ದಿನ, ಏಳನೇ ತಾರೀಖು.
ಉಳಿದವು ಕರಿ ಉಸುಕಿನ್ಯಾಗ ಬೆರತು ಹೋಗತಾವ.

ಹತ್ತೊಂಬತ್ತು ವರ್ಷಾತು ನಾ ಇಲ್ಲಿ ಲೆಕ್ಕ ಬರಿಲಿಕ್ಕ ಹತ್ತಿ.
ಮೊದಲು ಉದ್ದನೆ ಕೆಂಪು ಪುಸ್ತಕ, ಈಗ ಕಂಪ್ಯೂಟರ.
ಖಾನೆ ಮಾತ್ರ ಅವೇ:
ಹೆಸರು, ಹಾಜರಿ, ಪಗಾರ, ಕಡಿತ, ಕೈಗೆ.
ಹಲವರಿಗೆ ವೃತ್ತಿ ತೆರಿಗಿ ಇನ್ನೂರು,
ನಾಕು ಮಂದಿಗೆ ಇನ್ಕಮ್ ಟ್ಯಾಕ್ಸು.
ಕಡಿತದ ಖಾನೇದಾಗ ನಾ ಬರಿಯೋ ಅಂಕಿ
ಮಾಲಕರದಲ್ಲ, ಆ ಹೊತ್ತಿಗೆ ಆಳಿಂದೂ ಅಲ್ಲ;
ಮದುವಿ ಮನ್ಯಾಗ ಯಾರೋ "ತುಸು ಹಿಡೀರಿ" ಅಂತ
ಕೊಟ್ಟು ಹೋದ ಕೂಸಿನಂಗ
ನಮ್ಮ ತೊಡಿ ಮ್ಯಾಲೆ ಕುಂತಿರತದ.

ಈ ಸಲ ಮಾಲಕರು, ವಿಲಾಸರಾವ ಸಾಂಬ್ರೇಕರ,
ಕನ್ನಡಕ ಹಣಿಮ್ಯಾಲೆ ಏರಿಸಿ ಅಂದ್ರು:
"ಇಂದುತಾಯಿ, ಪುಣೆದವರ ಬಿಲ್ಲು ಬಂದಿಲ್ಲ.
ಭಟ್ಟಿ ಆರಿಸಿದ್ರ ಆರ್ಡರೂ ಆರತದ.
ಟ್ಯಾಕ್ಸಿಂದು ಇರಲಿ ಬಿಡ್ರಿ ಮುಂದಿನ ತಿಂಗಳಕ್ಕ,
ಒಂದು ಲೋಡು ಪಿಗ್ ಐರನ್ ಇಳಿಸಿಕೊಳ್ಳೂಣು.
ಕಟ್ಟೇ ಕಟ್ಟತೀವಿ, ನಾವೇನ ಓಡಿ ಹೋಗತೀವೇನು?"
ಓಡಿ ಹೋಗೋ ಮನಷ್ಯಾ ಅಲ್ಲ ಅವರು.
ಲಾಕ್‌ಡೌನಿನ್ಯಾಗ ಹೆಂಡತಿ ಪಾಟಲಿ ಒತ್ತಿ ಇಟ್ಟು
ಪಗಾರ ಮಾಡಿದವರು.
ಅದಕ್ಕೇ ನನ್ನ ಬಾಯಿ ಕಟ್ಟಿತು.
ಕೆಟ್ಟವರಿಗೆ ಒಲ್ಲೆ ಅನ್ನೂದು ಸಲೀಸು.

ಒಂದು ತಿಂಗಳು ಮೂರಾತು.

ಪರಶರಾಮ ಮುಚ್ಚಂಡಿ, ಭಟ್ಟಿ ಸುಪರವೈಜರ,
ಮನಿಗೆ ಮಾಳಿಗಿ ಏರಿಸಬೇಕಂತ ಬ್ಯಾಂಕಿಗೆ ಹೋದ.
ಅಲ್ಲಿ ಹುಡುಗಿ ಕಂಪ್ಯೂಟರ ನೋಡಿ ಅಂದಳಂತ:
ನಿಮ್ಮ ಹೆಸರಿಗೆ ಟ್ಯಾಕ್ಸು ಜಮಾನೇ ಆಗಿಲ್ಲಲ್ರಿ.
ಮೂರನೇ ಗೇಟಿನ್ಯಾಗ ರೈಲು ಹೋಗೋತನಕ ನಿಂತು
ಸೀದಾ ನನ್ನ ಟೇಬಲಿಗೆ ಬಂದ.
ಪಗಾರ ಚೀಟಿ ಮೂರೂ ಇಟ್ಟ,
ಎಣ್ಣಿ ಬೆರಳಿನ ಗುರುತು ಅವುಕ್ಕ.
ಸಿಟ್ಟು ಮಾಡಲಿಲ್ಲ.
"ಬಾಯಾರ, ನನ್ನ ಕಡಿಂದ ಹಿಡದದ್ದು ಎಲ್ಲಿ ಐತ್ರಿ?"

ಕಿಡಕಿ ಹೊರಗ ಬೆರಳು ಮಾಡಿದೆ.
ಅಂಗಳದಾಗ ಪಿಗ್ ಐರನ್ ರಾಶಿ,
ಮ್ಯಾಲೊಂದು ಬೆಕ್ಕು ಬಿಸಿಲು ಕಾಯಿಸಕೋತ ಮಲಗಿತ್ತು.

ಬಹಳೊತ್ತು ನೋಡಿದ.
"ಲ್ಯಾಡಲಿನ್ಯಾಗಿನ ಕಬ್ಬಿಣ ನಮ್ಮದಲ್ರಿ," ಅಂದ,
"ಅಚ್ಚಿಂದು. ಕೈಯಾಗ ಹಿಡಕೊಂಡು ಮಾತಾಡಕೋತ ನಿಂತ್ರ
ಅಲ್ಲೇ ಹೆಪ್ಪಗಟ್ಟತೈತಿ.
ಎರಕಾನೂ ಹೋತು, ಲ್ಯಾಡಲೂ ಹೋತು."
ಚಾ ಕುಡಿಯದ ಹೋದ.

ಅವತ್ತ ಸಂಜಿಕ್ಕ ಮಾಲಕರ ಮುಂದ ಚೀಟಿ ಇಟ್ಟೆ.
ಮೂರು ತಿಂಗಳದ ಅಸಲು, ಅದರ ಬಡ್ಡಿ,
ತಿಂಗಳಿಗೆ ನೂರಕ್ಕ ಒಂದೂವರಿ,
ಒಂದು ದಿನ ಮೀರಿದ್ರೂ ಪೂರಾ ತಿಂಗಳು.
ಕೆಳಗ ಒಂದು ಸಾಲು ನಾನೇ ಸೇರಿಸಿದೆ:
ಇದರಾಗ ನನ್ನ ಪಗಾರದ್ದೂ ಅದ.
ಆ ಸಾಲು ಎರಡು ಸಲ ಓದಿದ್ರು. ಕೆಮ್ಮಿದ್ರು.
ಮರಾಠಿಯೊಳಗ ಯಾರಿಗೋ ಫೋನ್ ಮಾಡಿ
ಹೊಸಾ ಕಾರಿನ ಬುಕಿಂಗ್ ರದ್ದು ಮಾಡ್ರಿ ಅಂದ್ರು.
ಕಾರಿನ ಸುದ್ದಿ ನನಗ ಗೊತ್ತಿರಲಿಲ್ಲ.

ಚಲನ್ ನಂಬರ ಬಂದಾಗ ಮಂಗಳವಾರ, ಕರಗೋ ದಿನ.
ಭಟ್ಟಿ ಸದ್ದಿನ್ಯಾಗ ಚೀರಿ ಚೀರಿ ಹೇಳಿದೆ.
ಪರಶರಾಮನ ಕಿಸೇದಾಗ ಪೆನ್ನಿಲ್ಲ;
ಬಗ್ಗಿ, ಕರಿ ಉಸುಕಿನ ಮ್ಯಾಲೆ ಬೆರಳಿಲೆ ಬರಕೊಂಡ.
ಓದಿ ತೋರಿಸಿದ. ಸರಿ ಅಂದೆ.
ಅಂಗೈಲೆ ಸಾಪ ಮಾಡಿ ಎದ್ದ.
"ಸರೀರಿ ಹಿಂದಕ್ಕ," ಅಂದ,
"ಲ್ಯಾಡಲ್ ಬರಾಕ ಹತ್ತೇತಿ."